ಹಿತ್ತಿಲ ಅಳಿಲು, ಬೆಟ್ಟದ ಕೆಂದಳಿಲು: ಉತ್ತರ ಕನ್ನಡದವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಜಿಲ್ಲೆಯಲ್ಲಿ ಯಾವ ಯಾವ ಅಳಿಲುಗಳಿವೆ?

ಜನ ಕಾಣುವಂಥವು ಮುಖ್ಯವಾಗಿ ನಾಲ್ಕು. ಮೊದಲನೆಯದು ಕಾರವಾರದ ಓಣಿಯಿಂದ ಶಿರಸಿ ಪೇಟೆಯವರೆಗೆ ಕಾಂಪೌಂಡ್ ಗೋಡೆಯ ಮೇಲೆ ಓಡಾಡುವ ಮೂರು ಪಟ್ಟೆಯ ಅಳಿಲು. ಎರಡನೆಯದು ಅದರ ಹಾಗೆಯೇ ಕಾಣುವ ಪಶ್ಚಿಮಘಟ್ಟದ ಕಾಡಳಿಲು. ಮೂರನೆಯದು ಕೆಂದಳಿಲು, ಕೆಲವು ಕಡೆ ಕೆಂಜಳಿಲು. ನಾಲ್ಕನೆಯದು ರಾತ್ರಿ ಮಾತ್ರ ಹೊರಬರುವ ಹಾರುವ ಅಳಿಲು. ಇದನ್ನು ಮಲೆನಾಡಿನಲ್ಲಿ ಹಾರುಬೆಕ್ಕು ಎಂದು ಕರೆಯುವುದುಂಟು, ಆದರೆ ಬೆಕ್ಕಿಗೂ ಇದಕ್ಕೂ ಸಂಬಂಧವಿಲ್ಲ.

ಕರಾವಳಿಯ ಕೊಂಕಣಿ ಮನೆಗಳಲ್ಲಿ ಚಿಕ್ಕ ಅಳಿಲಿಗೆ ಚಾನಿ ಎನ್ನುತ್ತಾರೆ. ಉತ್ತರ ಕರ್ನಾಟಕದ ಮಾತಿನಲ್ಲಿ ಅದೇ ಇಣಚಿ. ಕೆಂದಳಿಲಿಗೆ ಮರಾಠಿಯಲ್ಲಿ ಶೇಕರು. ಅದು ಮಹಾರಾಷ್ಟ್ರದ ರಾಜ್ಯಪ್ರಾಣಿಯೂ ಹೌದು. ಯಾರಾದರೂ "ಅಳಿಲಿನ ಕಾಟ" ಎಂದಾಗ ಮೊದಲು ಕೇಳಬೇಕಾದದ್ದು ಯಾವ ಅಳಿಲು ಎಂದು. ನೂರು ಗ್ರಾಂ ತೂಗುವ ಪ್ರಾಣಿಗೂ ಎರಡು ಕಿಲೋ ತೂಗುವ ಪ್ರಾಣಿಗೂ ಉಪಾಯ ಒಂದೇ ಆಗುವುದಿಲ್ಲ.

ಊರಿನ ಅಳಿಲಿಗೂ ಕಾಡಳಿಲಿಗೂ ಎರಡಕ್ಕೂ ಮೂರು ಪಟ್ಟೆ ಇರುತ್ತದಲ್ಲ, ಬೇರೆ ಮಾಡುವುದು ಹೇಗೆ?

ಊರಿನ ಅಳಿಲಿನ ಬೆನ್ನು ಬೂದು ಮಿಶ್ರಿತ ಕಂದು. ಪಟ್ಟೆಗಳು ಕೆನೆಬಣ್ಣದವು, ದೂರದಿಂದಲೂ ಎದ್ದು ಕಾಣುತ್ತವೆ. ಹತ್ತಿರದಿಂದ ನೋಡಿದರೆ ನಡುವಿನ ಪಟ್ಟೆ ತಲೆಯ ಹಿಂಭಾಗದಿಂದ ಬಾಲದ ಬುಡದವರೆಗೂ ಹೋಗುತ್ತದೆ. ಅಕ್ಕಪಕ್ಕದ ಎರಡು ಮುಂಗಾಲಿನಿಂದ ಹಿಂಗಾಲಿನವರೆಗೆ ಮಾತ್ರ. ಕಾಡಳಿಲಿನ ಮೈ ಇನ್ನೂ ಗಾಢ, ತಲೆಯ ಮೇಲೆ ಕೆಂಗಂದು ಛಾಯೆ, ಪಟ್ಟೆಗಳು ಸಪೂರ. ಬಾಲ ಎತ್ತಿದಾಗ ಅಡಿಯಲ್ಲಿ ಕೆಂಪು ಕಂಡರೆ ಅದು ಕಾಡಳಿಲೇ.

ಜಾಗವೂ ಸುಳಿವು ಕೊಡುತ್ತದೆ. ಬಸ್ ನಿಲ್ದಾಣ, ದೇವಸ್ಥಾನದ ಅಶ್ವತ್ಥಕಟ್ಟೆ, ಕಡಲತೀರದ ಗಾಳಿಮರದ ಸಾಲು ಇವೆಲ್ಲ ಊರಿನ ಅಳಿಲಿನವು. ಸಿದ್ದಾಪುರ, ಯಲ್ಲಾಪುರ, ಶಿರಸಿಯ ಹಳ್ಳಿಗಳಲ್ಲಿ ಅಡಿಕೆ ತೋಟದ ಮೇಲಂಚು ಸೊಪ್ಪಿನಬೆಟ್ಟಕ್ಕೆ (ತೋಟಕ್ಕೆ ಸೊಪ್ಪು ಕಡಿದು ತರುವ ಕಾಡಿಗೆ) ತಾಗುವ ಕಡೆ ಕಾಡಳಿಲು ಸಿಗುತ್ತದೆ. ಇದು ಪಶ್ಚಿಮಘಟ್ಟದ ಸಾಲು ಬಿಟ್ಟರೆ ಜಗತ್ತಿನ ಬೇರೆಲ್ಲೂ ಇಲ್ಲ. ನಿಮ್ಮ ತೋಟದಲ್ಲಿದ್ದರೆ ಅದನ್ನು ಭಾಗ್ಯವೆಂದೇ ತಿಳಿಯಿರಿ.

ಕೆಂದಳಿಲು ನೋಡಬೇಕು. ಎಲ್ಲಿ, ಯಾವಾಗ ಹೋದರೆ ಸಿಗುತ್ತದೆ?

ದಾಂಡೇಲಿ, ಕುಳಗಿ, ಅಣಶಿ ಸುತ್ತಿನ ಕಾಳಿ ಹುಲಿ ಸಂರಕ್ಷಿತ ಪ್ರದೇಶ ಹೆಸರಾದ ಜಾಗ. ಆದರೆ ಅಷ್ಟು ದೂರ ಹೋಗಲೇಬೇಕೆಂದಿಲ್ಲ. ದೇವಿಮನೆ ಘಟ್ಟ, ಯಾಣದ ದಾರಿ, ದೊಡ್ಡ ಮರಗಳು ಉಳಿದಿರುವ ದೇವರಕಾಡು, ಎಲ್ಲಿ ಒಂದು ಮರದ ಕೊಂಬೆ ಇನ್ನೊಂದಕ್ಕೆ ತಾಗಿದೆಯೋ ಅಲ್ಲೆಲ್ಲ ನೋಡಬಹುದು.

ಬೆಳಿಗ್ಗೆ ಆರೂವರೆಯಿಂದ ಹತ್ತು, ಮಧ್ಯಾಹ್ನ ಮೂರೂವರೆಯಿಂದ ಆರು ಒಳ್ಳೆಯ ಹೊತ್ತು. ನಡುಮಧ್ಯಾಹ್ನ ಅದು ಕೊಂಬೆಯ ಮೇಲೆ ಕವುಚಿ ಮಲಗಿರುತ್ತದೆ, ಎದುರಿಗಿದ್ದರೂ ಕಣ್ಣಿಗೆ ಬೀಳುವುದಿಲ್ಲ. ನಡೆಯುತ್ತ ಹುಡುಕುವುದಕ್ಕಿಂತ ಹಣ್ಣು ಬಿಟ್ಟ ಅತ್ತಿ, ಆಲ, ಬಸರಿ, ನೇರಳೆ ಮರವೊಂದರ ಕೆಳಗೆ 20 ನಿಮಿಷ ಅಲುಗಾಡದೆ ಕೂರುವುದು ಮೇಲು. ಮೊದಲು ನೆಲ ನೋಡಿ. ಅರ್ಧ ತಿಂದ ಹಣ್ಣು, ಹಸಿ ಸಿಪ್ಪೆ, ಕತ್ತರಿಸಿದ ಚಿಗುರು ಹೊಸದಾಗಿ ಬಿದ್ದಿದ್ದರೆ ಮೇಲೆ ಯಾರೋ ಇದ್ದಾರೆ. ಮಂಗವೂ ಹೀಗೆ ಉದುರಿಸುತ್ತದೆ, ಆದರೆ ಮಂಗ ಇದ್ದರೆ ಗುಂಪಿನ ಗಲಾಟೆ ಕೇಳುತ್ತದೆ. ಕೆಂದಳಿಲು ಹೆಚ್ಚಾಗಿ ಒಂಟಿ.

ತಿನ್ನುವಾಗಿನ ಭಂಗಿ ನೋಡುವಂಥದ್ದು. ಹಿಂಗಾಲುಗಳಿಂದ ಕೊಂಬೆಯನ್ನು ಹಿಡಿದು, ಎದೆಯನ್ನು ಒಂದು ಬದಿಗೆ ಇಳಿಬಿಟ್ಟು, ಬಾಲವನ್ನು ಇನ್ನೊಂದು ಬದಿಗೆ ತೂಕಕ್ಕೆ ಹಾಕುತ್ತದೆ. ಎರಡೂ ಕೈಯಲ್ಲಿ ಕಾಯಿ ತಿರುಗಿಸುತ್ತ ಸಿಪ್ಪೆ ಸುಲಿಯುತ್ತದೆ. ಮೈಗಿಂತ ಬಾಲವೇ ಉದ್ದ. ಹೆದರಿದರೆ ಓಡುವುದಕ್ಕಿಂತ ಕಾಂಡಕ್ಕೆ ಅಂಟಿಕೊಂಡು ಕಲ್ಲಿನಂತಾಗುವುದೇ ಹೆಚ್ಚು, ಆಗ ಇಳಿಬಿದ್ದ ಬಾಲವೊಂದೇ ಗುರುತು. ದುರ್ಬೀನು ಇದ್ದರೆ 8×42 ಸಾಕು. ಹೆಚ್ಚು ದೊಡ್ಡದಾಗಿ ತೋರಿಸುವ ದುರ್ಬೀನಿನಲ್ಲಿ ಕೈ ನಡುಗಿ ದಟ್ಟ ಎಲೆಗಳ ನಡುವೆ ಪ್ರಾಣಿ ತಪ್ಪಿಹೋಗುತ್ತದೆ.

ಮರದ ತುದಿಯಲ್ಲಿ ಎಲೆಯ ದೊಡ್ಡ ಉಂಡೆಯಂಥ ಗೂಡುಗಳಿವೆ. ಒಂದೇ ಕಡೆ ನಾಲ್ಕೈದು. ಅಷ್ಟೂ ಕೆಂದಳಿಲು ಇವೆಯೇ?

ಇಲ್ಲ. ಒಂದೇ ಕೆಂದಳಿಲು ತನ್ನ ವಠಾರದಲ್ಲಿ ಹಲವು ಗೂಡು ಕಟ್ಟುತ್ತದೆ. ಕೆಲವು ಮಲಗಲು, ಒಂದು ಮರಿಗೆ, ಕೆಲವು ಬಿಟ್ಟುಹೋದವು. ಗೂಡು ಎಣಿಸಿ ಅಳಿಲು ಲೆಕ್ಕ ಹಾಕಬೇಡಿ. ಹಸಿ ಎಲೆ ಸೇರಿಸಿದ ಗೂಡು ಬಳಕೆಯಲ್ಲಿದೆ, ಪೂರ್ತಿ ಕಂದಾಗಿ ಬೆಳಕು ತೂರುವ ಗೂಡು ಖಾಲಿ ಎಂಬುದು ಸ್ಥೂಲ ಗುರುತು. ಹಳಿಯಾಳ, ಮುಂಡಗೋಡ ಕಡೆಯ ಎಲೆ ಉದುರುವ ಕಾಡಿನಲ್ಲಿ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಗೂಡುಗಳು ಚೆನ್ನಾಗಿ ಕಾಣುತ್ತವೆ.

ಅಳಿಲು ಒಂದೇ ಸಮ ಚಿಕ್ ಚಿಕ್ ಎಂದು ಅರ್ಧ ಗಂಟೆ ಕೂಗುತ್ತದೆ. ಏನಾಗಿದೆ ಅದಕ್ಕೆ?

ಅದರ ಬಾಲ ನೋಡಿ. ಪ್ರತಿ ಕೂಗಿಗೂ ಬಾಲ ಜಾಡಿಸುತ್ತಿದ್ದರೆ, ತಲೆ ಒಂದೇ ದಿಕ್ಕಿಗೆ ನೆಟ್ಟಿದ್ದರೆ, ಆ ದಿಕ್ಕಿನಲ್ಲಿ ಬೆಕ್ಕು, ಹಾವು ಅಥವಾ ಗಿಡುಗ ಇರುವ ಸಂಭವ ಹೆಚ್ಚು. ಕೆಳಗೆ ನೋಡಿ ಕೂಗುತ್ತಿದ್ದರೆ ಬೆಕ್ಕು ಅಥವಾ ಹಾವು ಎಂದುಕೊಳ್ಳಬಹುದು. ಮಾಗಿ ಉದುರಿದ ದರಕಿನ, ಅಂದರೆ ಒಣ ಎಲೆಗಳ ನಡುವೆ ಹಾವು ನಮಗೆ ಕಾಣುವ ಮೊದಲು ಅಳಿಲಿಗೆ ಕಾಣುತ್ತದೆ. ಆದ್ದರಿಂದ ಹಿತ್ತಿಲಿಗೆ ಮಕ್ಕಳನ್ನು ಬಿಡುವ ಮುನ್ನ ಈ ಕೂಗಿಗೆ ಕಿವಿಗೊಡುವುದು ಒಳ್ಳೆಯ ರೂಢಿ. ಎರಡು ಮೂರು ಅಳಿಲು ಕಾಂಡದ ಸುತ್ತ ಸುರುಳಿಯಾಗಿ ಓಡುತ್ತ ಕೂಗಿದರೆ ಅದು ಹೆಣ್ಣಿನ ಹಿಂದೆ ಬಿದ್ದ ಗಂಡುಗಳ ಗದ್ದಲ, ಚಿಂತೆ ಬೇಡ.

ಕೋಕೋ ಕಾಯಿಗೆ ತೂತು ಬಿದ್ದಿದೆ, ಎಳನೀರು ಉದುರುತ್ತಿದೆ. ಅಳಿಲೇ ತಾನೆ?

ಅಳಿಲಿನ ಹೆಸರಿಗೆ ಬರೆದ ಹಾನಿಯಲ್ಲಿ ಇಲಿಯ ಪಾಲು ಬಹಳ. ಕೋಕೋದಲ್ಲಿ ಗುರುತು ಸುಲಭ. ತೊಟ್ಟಿನ ಹತ್ತಿರ ಅಂಕುಡೊಂಕಾಗಿ ಕಡಿದಿದ್ದರೆ ಇಲಿ. ಕಾಯಿಯ ನಡುಭಾಗದಲ್ಲಿ ಕೊರೆದು ಒಳಗಿನ ಸಿಹಿ ಲೋಳೆ ಚಪ್ಪರಿಸಿದ್ದರೆ ಅಳಿಲು. ಕಾಯಿ ಒಡೆದು ಸಿಪ್ಪೆಯ ದೊಡ್ಡ ಚೂರುಗಳು ಚೆಲ್ಲಾಡಿದ್ದರೆ ಮಂಗ.

ತೆಂಗಿನಲ್ಲಿ ಎಳೆ ಕಾಯಿಯ ತೊಟ್ಟಿನ ಬಳಿ ತೂತು ಮಾಡುವುದು ಇಲಿಯ ಕೆಲಸ. ಕಾಡಿನಂಚಿನ ತೋಟದಲ್ಲಿ ಹಗಲು ಹೊತ್ತು ನಾರು ಉದುರಿ, ಕಾಯಿಯ ಮೈಯಲ್ಲಿ ದೊಡ್ಡ ತೂತು ಕಂಡರೆ ಕೆಂದಳಿಲಿನ ಮೇಲೆ ಸಂಶಯಪಡಬಹುದು. ನೂರು ಗ್ರಾಂ ತೂಗುವ ಚಿಕ್ಕ ಅಳಿಲಿಗೆ ಬಲಿತ ತೆಂಗಿನಕಾಯಿ ಕೊರೆಯುವ ಶಕ್ತಿ ಇಲ್ಲ.

ಖಚಿತ ಮಾಡಿಕೊಳ್ಳಲು ಒಂದು ಪರೀಕ್ಷೆ ಇದೆ. ಹಣ್ಣಾಗುತ್ತಿರುವ 20 ಕೋಕೋ ಕಾಯಿಗಳಿಗೆ ಬಣ್ಣದ ದಾರ ಕಟ್ಟಿ. ಸಂಜೆ ಕತ್ತಲಾಗುವಾಗ ಒಮ್ಮೆ, ಬೆಳಗು ಹರಿಯುವಾಗ ಒಮ್ಮೆ, ಹೀಗೆ ಒಂದು ವಾರ ನೋಡಿ ಬರೆದಿಡಿ. ಬೆಳಗಿನ ಎಣಿಕೆಯಲ್ಲಿ ಹೊಸ ತೂತು ಕಂಡರೆ ಅದು ರಾತ್ರಿಯ ಕೆಲಸ, ಅಂದರೆ ಇಲಿ ಅಥವಾ ಇನ್ಯಾವುದೋ ನಿಶಾಚರಿ. ಸಂಜೆಯ ಎಣಿಕೆಯಲ್ಲಿ ಕಂಡರೆ ಹಗಲಿನದು, ಅಳಿಲು ಅಥವಾ ಮಂಗ. ಚಿಕ್ಕ ಅಳಿಲೂ ಕೆಂದಳಿಲೂ ಕತ್ತಲಲ್ಲಿ ಮೇಯುವುದಿಲ್ಲ. ಈ ಒಂದು ವಾರದ ತಾಳ್ಮೆಯಿಂದ ತಪ್ಪು ಪ್ರಾಣಿಗೆ ದುಡ್ಡು ಸುರಿಯುವುದು ತಪ್ಪುತ್ತದೆ.

ಅಳಿಲೇ ಎಂದು ಗೊತ್ತಾಯಿತು. ಬೆಳೆ ಉಳಿಸಿಕೊಳ್ಳುವುದು ಹೇಗೆ?

ಕೋಕೋದಲ್ಲಿ ಎಲ್ಲಕ್ಕಿಂತ ಫಲಕಾರಿಯಾದದ್ದು ಬೇಗ ಕೊಯ್ಯುವುದು. ಅಳಿಲಿಗೆ ಬೇಕಾದದ್ದು ಹಣ್ಣಿನ ಸಿಹಿ. ಕಾಯಿಯ ಗೆರೆಗಳಲ್ಲಿ ಹಳದಿ ಹತ್ತಿದ ಕೂಡಲೇ ಕೊಯ್ದರೆ ಅದಕ್ಕೆ ಸಿಗುವ ಅವಧಿಯೇ ಕಡಿಮೆ. 10ರಿಂದ 15 ದಿನಕ್ಕೊಂದು ಸುತ್ತು ಕೊಯ್ಲು ಮಾಡಿ. ತಿಂಗಳಿಗೊಮ್ಮೆ ಕೊಯ್ಯುವ ತೋಟದಲ್ಲಿ ಹಾನಿ ಹೆಚ್ಚು ಕಾಣಲು ಕಾರಣ ಅಳಿಲಿನ ಸಂಖ್ಯೆಯಲ್ಲ, ಗಿಡದಲ್ಲೇ ಹಣ್ಣಾಗಿ ನಿಂತ ಕಾಯಿ. ಕೆಲವೇ ಗಿಡಗಳಿದ್ದರೆ ತೂತು ಮಾಡಿದ ಪ್ಲಾಸ್ಟಿಕ್ ಚೀಲ ಕಟ್ಟಬಹುದು. ತೂತಿಲ್ಲದ ಚೀಲ ಕಟ್ಟಿದರೆ ನಮ್ಮ ಮಳೆಗೆ ಒಳಗೆ ನೀರು ನಿಂತು ಕಾಯಿ ಕೊಳೆಯುತ್ತದೆ.

ಚಿಕ್ಕು, ಪೇರಲೆಗೆ ಹಣ್ಣು ಬಲಿಯುವ ಎರಡು ವಾರ ಮೊದಲು ಹತ್ತಿಬಟ್ಟೆಯ ಸಣ್ಣ ಚೀಲ ಕಟ್ಟಿ. ಇಡೀ ಮರಕ್ಕೆ ಬಲೆ ಹೊದಿಸಬೇಡಿ. ಸಡಿಲವಾಗಿ ಇಳಿಬಿದ್ದ ನೈಲಾನ್ ಬಲೆಯಲ್ಲಿ ಅಳಿಲು, ಹಕ್ಕಿ, ಕೇರೆ ಹಾವು ಸಿಕ್ಕಿ ಒದ್ದಾಡಿ ಸಾಯುತ್ತವೆ.

ತೆಂಗಿನ ಕಾಂಡಕ್ಕೆ ನೆಲದಿಂದ ಸುಮಾರು 2 ಮೀಟರ್ ಎತ್ತರದಲ್ಲಿ 40 ಸೆಂಟಿಮೀಟರ್ ಅಗಲದ ತಗಡಿನ ಪಟ್ಟಿ ಸುತ್ತುವ ಉಪಾಯ ಇಲಿಗೆ ಹೇಳಿದ್ದು. ಮರ ಒಂಟಿಯಾಗಿದ್ದರೆ ಮಾತ್ರ ಕೆಲಸ ಮಾಡುತ್ತದೆ. ಪಕ್ಕದ ಮರದ ಹೆಡೆ ತಾಗುತ್ತಿದ್ದರೆ ಇಲಿಗೂ ಅಳಿಲಿಗೂ ದಾರಿ ಮೇಲಿನಿಂದಲೇ ಇದೆ. ಆರು ಮೀಟರಿನಷ್ಟು ದೂರ ಜಿಗಿಯಬಲ್ಲ ಕೆಂದಳಿಲಿಗೆ ತಗಡು ಲೆಕ್ಕಕ್ಕೇ ಇಲ್ಲ. ತಗಡಿಗೆ ಮೊಳೆ ಹೊಡೆಯುವುದಾದರೆ ಆದಷ್ಟು ಕಡಿಮೆ ಹೊಡೆಯಿರಿ, ಕಾಂಡದ ಗಾಯ ಮಾಯುವುದಿಲ್ಲ.

ಅಂಗಳದಲ್ಲಿ ಒಣಹಾಕಿದ ಮುರುಗಲು ಸಿಪ್ಪೆ, ಸಂಡಿಗೆ, ಶೇಂಗಾಕ್ಕೆ ಸೊಳ್ಳೆಪರದೆಯ ಬಟ್ಟೆ ಬಿಗಿಯಾಗಿ ಎಳೆದು ನಾಲ್ಕೂ ಮೂಲೆಗೆ ಕಲ್ಲಿಟ್ಟರೆ ಆಯಿತು.

ಇಲಿ ಪಾಷಾಣ ಇಟ್ಟರೆ? ಬಂದೂಕು ಇದೆ, ಹೊಡೆದರೆ?

ಎರಡೂ ಬೇಡ. ಪಾಷಾಣ ತಿಂದ ಪ್ರಾಣಿ ಒಡನೆ ಸಾಯುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಬ್ರೊಮಾಡಿಯೊಲೋನ್‌ನಂಥ ವಿಷ ಕೊಲ್ಲಲು ಕೆಲವು ದಿನ ಹಿಡಿಯುತ್ತದೆ. ಅಷ್ಟರಲ್ಲಿ ಆ ನಿತ್ರಾಣ ಪ್ರಾಣಿಯನ್ನು ಗೂಬೆಯೋ ಮನೆಯ ಬೆಕ್ಕೋ ಹಿಡಿದರೆ ವಿಷ ಅದಕ್ಕೂ ದಾಟುತ್ತದೆ. ಗೂಬೆ ಹೋದ ತೋಟದಲ್ಲಿ ಇಲಿ ಹೆಚ್ಚುತ್ತದೆ, ನಷ್ಟ ತಿರುಗಿ ತೋಟದವರಿಗೇ.

ಕೆಂದಳಿಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿದೆ. ಕೊಲ್ಲುವುದು, ಹಿಡಿಯುವುದು, ಸಾಕುವುದು ಅಪರಾಧ. ಬೆಳೆ ರಕ್ಷಣೆಗೆ ಬಂದೂಕಿನ ಪರವಾನಗಿ ಇದೆ ಎಂಬುದು ಅದನ್ನು ಹೊಡೆಯಲು ಅನುಮತಿಯಲ್ಲ. ಬೋನಿನಲ್ಲಿ ಹಿಡಿದು ಘಟ್ಟದ ಮೇಲೆ ಬಿಟ್ಟುಬರುವುದೂ ಪರಿಹಾರವಲ್ಲ. ಬಿಟ್ಟ ಕಡೆ ಅದಕ್ಕೆ ಗೂಡಿಲ್ಲ, ದಾರಿ ಗೊತ್ತಿಲ್ಲ. ಹಿತ್ತಿಲಲ್ಲಿ ಮೇವು ಇರುವವರೆಗೆ ಖಾಲಿಯಾದ ಜಾಗಕ್ಕೆ ಇನ್ನೊಂದು ಬರುತ್ತದೆ.

ಹಂಚಿನ ಅಡಿ ಗೂಡು ಕಟ್ಟಿದೆ. ತೆಗೆಯಬಹುದೇ?

ಮರಿ ಇದೆಯೇ ಎಂದು ಮೊದಲು ತಿಳಿಯಬೇಕು. ತಾಯಿ ದಿನಕ್ಕೆ ಹಲವು ಬಾರಿ ಅದೇ ಸಂದಿಯಿಂದ ಒಳಹೊರಗೆ ಹೋಗುತ್ತಿದ್ದರೆ, ಒಳಗಿನಿಂದ ಸಣ್ಣ ಕೀರಲು ಕೇಳಿದರೆ ಮರಿ ಇದೆ. ಸಾಮಾನ್ಯವಾಗಿ ಎರಡು ಮೂರು ಇರುತ್ತವೆ. ಹುಟ್ಟುವಾಗ ಕೂದಲಿಲ್ಲ, ಕಣ್ಣು ತೆರೆಯಲು ಸುಮಾರು ಮೂರು ವಾರ ಬೇಕು, ಹಾಲು ಬಿಡಲು ಹತ್ತು ವಾರ. ಅಷ್ಟು ದಿನ ಬಿಟ್ಟುಕೊಡಿ. ಈಗಲೇ ಸಂದಿ ಮುಚ್ಚಿದರೆ ತಾಯಿ ಹೊರಗೆ ಉಳಿದು, ಮರಿ ಒಳಗೆ ಸತ್ತು, ಮಾಡಿನಿಂದ ವಾರಗಟ್ಟಲೆ ವಾಸನೆ ಬರುತ್ತದೆ.

ಮರಿಗಳು ಹೊರಗೆ ಓಡಾಡತೊಡಗಿದ ಮೇಲೆ ಸಂದಿಯಲ್ಲಿ ಮಡಚಿದ ಕಾಗದ ಸಿಕ್ಕಿಸಿ. ಎರಡು ಹಗಲು ಅದು ಕದಲದಿದ್ದರೆ ಗೂಡು ಖಾಲಿ. ಆಗ ಗೂಡು ತೆಗೆದು, ಅರ್ಧ ಇಂಚಿನ ಕಣ್ಣಿನ ಬೆಸುಗೆ ಜಾಲರಿಯಿಂದ ಮುಚ್ಚಿ. ಪ್ಲಾಸ್ಟಿಕ್ ಜಾಲರಿ, ಫೋಮ್, ಬಟ್ಟೆಯ ಉಂಡೆ ಯಾವುದೂ ನಿಲ್ಲದು, ಒಂದೇ ದಿನದಲ್ಲಿ ಕಡಿದು ದಾರಿ ಮಾಡಿಕೊಳ್ಳುತ್ತದೆ. ಮಾಡಿಗೆ ತಾಗುವ ಕೊಂಬೆಯನ್ನು ಎರಡು ಎರಡೂವರೆ ಮೀಟರ್ ಹಿಂದಕ್ಕೆ ಸವರಿ. ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸುವಾಗ ಈ ಕೆಲಸ ಸೇರಿಸಿಕೊಂಡರೆ ಬೇರೆ ಖರ್ಚಿಲ್ಲ.

ಗೂಡು ವಿದ್ಯುತ್ ಮೀಟರ್ ಪೆಟ್ಟಿಗೆಯಲ್ಲಿದ್ದರೆ ಮಾತ್ರ ಕಾಯಬೇಡಿ, ಕೈಯನ್ನೂ ಹಾಕಬೇಡಿ. ಒಣ ನಾರು, ಹತ್ತಿ, ಕಡಿದ ತಂತಿ ಒಟ್ಟಿಗೆ ಇರುವ ಜಾಗ ಅದು. ಹೆಸ್ಕಾಂ ಲೈನ್‌ಮನ್ ಕರೆದು ವಿದ್ಯುತ್ ಕಡಿತ ಮಾಡಿಸಿ ತೆಗೆಸಿ. ನಿಂತ ಕಾರು, ಬೈಕುಗಳನ್ನು ವಾರಕ್ಕೆರಡು ಬಾರಿಯಾದರೂ ಬಾನೆಟ್ ಅಥವಾ ಸೀಟು ಎತ್ತಿ ನೋಡಿ.

ಮರಿಯೊಂದು ಕೆಳಗೆ ಬಿದ್ದಿದೆ. ಏನು ಮಾಡಲಿ?

ಹಾಲು ಹುಡುಕಿಕೊಂಡು ಓಡಬೇಡಿ. ಮೊದಲು ಶಾಖ, ಆಮೇಲೆ ತಾಯಿ, ಕೊನೆಗೆ ಆಹಾರ. ಈ ಕ್ರಮ ತಪ್ಪಿದ್ದಕ್ಕೇ ಬಹಳ ಮರಿಗಳು ಸಾಯುತ್ತವೆ.

ಶುದ್ಧ ಕೈಯಿಂದ ಎತ್ತಿ. ಮನುಷ್ಯರು ಮುಟ್ಟಿದರೆ ತಾಯಿ ಬಿಡುತ್ತದೆ ಎಂಬುದು ನಿಜವಲ್ಲ. ರಕ್ತ, ಊತ, ಇರುವೆ ಇದೆಯೇ ನೋಡಿ. ರಟ್ಟಿನ ಪೆಟ್ಟಿಗೆಯಲ್ಲಿ ಹಳೆಯ ಹತ್ತಿಬಟ್ಟೆ ಹಾಸಿ, ಬಿಸಿನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ಅರ್ಧಭಾಗದಲ್ಲಿ ಮಾತ್ರ ಇಡಿ. ಇನ್ನರ್ಧ ತಂಪಾಗಿದ್ದರೆ ಹೆಚ್ಚು ಬಿಸಿಯಾದಾಗ ಮರಿ ತಾನೇ ಸರಿಯುತ್ತದೆ. ಬಾಟಲಿ ನಿಮ್ಮ ಮಣಿಕಟ್ಟಿನ ಒಳಮೈಗೆ ಹಿತವಾಗಿರಬೇಕು, ಸುಡಬಾರದು. ಟವೆಲಿನ ಕುಣಿಕೆ ನೂಲಿಗೆ ಉಗುರು ಸಿಕ್ಕಿಬೀಳುತ್ತದೆ, ಅದು ಬೇಡ.

ಮೈ ಬೆಚ್ಚಗಾದ ಮೇಲೆ ಪೆಟ್ಟಿಗೆಯನ್ನು ಮರಿ ಬಿದ್ದ ಮರದ ಕವಲಿಗೆ, ಬೆಕ್ಕಿಗೆ ಎಟುಕದ ಎತ್ತರದಲ್ಲಿ ಕಟ್ಟಿ ದೂರ ಸರಿಯಿರಿ. ಹಗಲಾದರೆ ಎರಡು ಮೂರು ಗಂಟೆ ಕಾಯಬೇಕು. ಹತ್ತಿರ ನಿಂತು ಫೋನಿನಲ್ಲಿ ಚಿತ್ರ ತೆಗೆಯುವವರಿದ್ದರೆ ತಾಯಿ ಇಳಿಯುವುದಿಲ್ಲ. ಬಂದರೆ ಮರಿಯನ್ನು ಬಾಯಲ್ಲಿ ಕಚ್ಚಿ, ಅದು ತಾಯಿಯ ಕುತ್ತಿಗೆಗೆ ಸುತ್ತಿಕೊಂಡಂತೆ ಎತ್ತಿಕೊಂಡು ಹೋಗುತ್ತದೆ. ಅದಕ್ಕಿಂತ ಒಳ್ಳೆಯ ಕೊನೆ ಇಲ್ಲ.

ತಾಯಿ ಬರಲಿಲ್ಲ, ಅಥವಾ ಬೆಕ್ಕು ಕಚ್ಚಿದೆ ಎಂದಾದರೆ ಪಶುವೈದ್ಯರಿಗೆ ತೋರಿಸಿ, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೂ ತಿಳಿಸಬಹುದು. ಬೆಕ್ಕಿನ ಹಲ್ಲಿನ ಗಾಯ ಸಣ್ಣದಾಗಿ ಕಂಡರೂ ನಂಜಾಗುತ್ತದೆ, ಅದೇ ದಿನ ಔಷಧಿ ಬೇಕು.

ಅಲ್ಲಿಯವರೆಗೆ ನೀವೇ ನೋಡಿಕೊಳ್ಳಬೇಕಾದರೆ, ಮೊದಲ ಎರಡು ಸಲ ಪೊಟ್ಟಣದಲ್ಲಿ ಬರೆದ ಅಳತೆಯಲ್ಲೇ ಕರಗಿಸಿದ ಓಆರ್‌ಎಸ್ ನೀರು, ಉಗುರುಬೆಚ್ಚಗೆ. ಆಮೇಲೆ ನಾಯಿಮರಿಗೆ ಕೊಡುವ ಹಾಲಿನ ಪುಡಿ, ಅದು ಸಿಗದಿದ್ದರೆ ಆಡಿನ ಹಾಲು. ಆಕಳ ಹಾಲು ಭೇದಿ ಮಾಡಿಸುತ್ತದೆ. ಅಷ್ಟು ಚಿಕ್ಕ ಮೈಯಲ್ಲಿ ಭೇದಿಯಾದರೆ ಒಂದೇ ದಿನದಲ್ಲಿ ನೀರಿನಂಶ ಬತ್ತಿಹೋಗುತ್ತದೆ. ಒಂದು ಸಲಕ್ಕೆ ಮೈತೂಕದ ನೂರರಲ್ಲಿ ಐದು ಪಾಲು: 20 ಗ್ರಾಂ ಮರಿಗೆ 1 ಮಿಲಿಲೀಟರ್. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಅಂದಾಜು ಮಾಡಬೇಡಿ, ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಿ. ಸೂಜಿ ತೆಗೆದ 1 ಮಿಲಿಲೀಟರ್ ಸಿರಿಂಜ್ ಸಾಕು. ಮರಿಯನ್ನು ಅಂಗಾತ ಮಲಗಿಸಿ ಕುಡಿಸಲೇಬಾರದು. ಹೊಟ್ಟೆ ಕೆಳಗಾಗಿ, ತಲೆ ತುಸು ಮೇಲೆತ್ತಿ ಹಿಡಿದು, ತುಟಿಗೆ ಒಂದೊಂದೇ ಹನಿ ತಾಗಿಸಿ. ಮೂಗಿನಲ್ಲಿ ಗುಳ್ಳೆ ಬಂದರೆ ಹಾಲು ಶ್ವಾಸಕೋಶಕ್ಕೆ ಹೋಗುತ್ತಿದೆ ಎಂದರ್ಥ. ಕೂಡಲೇ ನಿಲ್ಲಿಸಿ ತಲೆ ಕೆಳಗೆ ಬಾಗಿಸಿ ಒರೆಸಿ. ಕೂದಲು ಬರದ ಮರಿಗೆ ಎರಡು ಮೂರು ಗಂಟೆಗೊಮ್ಮೆ, ಕೂದಲು ಬಂದದ್ದಕ್ಕೆ ನಾಲ್ಕು ಗಂಟೆಗೊಮ್ಮೆ. ಪ್ರತಿ ಸಲ ಕುಡಿಸಿದ ಮೇಲೆ ಒದ್ದೆ ಹತ್ತಿಯಿಂದ ಹೊಟ್ಟೆಯ ಕೆಳಭಾಗ ಮೃದುವಾಗಿ ಒರೆಸಿ ಮೂತ್ರ ಮಾಡಿಸಬೇಕು. ಕಣ್ಣು ತೆರೆಯುವವರೆಗೆ ಅದಕ್ಕೆ ತಾನಾಗಿ ಆಗುವುದಿಲ್ಲ, ತಾಯಿ ನೆಕ್ಕಿ ಮಾಡಿಸುತ್ತದೆ.

ಹೀಗೆ ಬದುಕಿದ ಮರಿಯನ್ನು ಮನೆಯಲ್ಲೇ ಇಟ್ಟುಕೊಳ್ಳಬಹುದೇ?

ಬೇಡ. ಕೈಯಲ್ಲಿ ಬೆಳೆದ ಅಳಿಲು ಪ್ರಾಯಕ್ಕೆ ಬಂದಾಗ ಕಚ್ಚತೊಡಗುತ್ತದೆ. ಪಂಜರದಲ್ಲಿ ಕಡಿಯಲು ಗಟ್ಟಿ ವಸ್ತು ಇಲ್ಲದೆ ಹಲ್ಲು ಬೆಳೆದು ಬಾಯಿ ಮುಚ್ಚಲಾಗದ ಸ್ಥಿತಿ ಬರುತ್ತದೆ. ಅದು ಮರ ಹತ್ತುವುದನ್ನೂ ಬೆಕ್ಕಿಗೆ ಹೆದರುವುದನ್ನೂ ಕಲಿಯಬೇಕು. ಹಾಲು ಬಿಟ್ಟ ಮೇಲೆ ಜಾಲರಿ ಪೆಟ್ಟಿಗೆಯನ್ನು ಒಂದೆರಡು ವಾರ ಹೊರಗೆ ಮರದ ಬಳಿ ಇಟ್ಟು, ನಂತರ ಬೆಳಿಗ್ಗೆ ಬಾಗಿಲು ತೆರೆದಿಡಿ. ಮಳೆ ಹೊಯ್ಯುವ ಜುಲೈಯಲ್ಲಿ ಬಿಡಬೇಡಿ.

ತಿನ್ನಲು ಏನು ಇಡಬಹುದು?

ನೀರು. ಅಂಗೈ ಅಗಲದ ಮಣ್ಣಿನ ತಟ್ಟೆ, 2–3 ಸೆಂಟಿಮೀಟರ್ ಆಳ, ನಡುವೆ ಒಂದು ಕಲ್ಲು. ದಿನಾ ಉಜ್ಜಿ ತೊಳೆದು ಬದಲಿಸಿ. ಬೆಕ್ಕು ಅಡಗುವ ಪೊದೆಯಿಂದ ದೂರ ಇಡಿ. ಮಾರ್ಚ್‌ನಿಂದ ಮೇ ವರೆಗೆ ಇದೊಂದೇ ಸಾಕು. ಕಾಳು ಇಡಲೇಬೇಕೆಂದರೆ ಉಪ್ಪಿಲ್ಲದ ಹಸಿ ಶೇಂಗಾ ನಾಲ್ಕೈದು. ಬಿಸ್ಕತ್ತು, ಚೂಡಾ, ಚಿಪ್ಸ್ ಬೇಡ.

ನೆರೆಮನೆಯವರು ದಿನಾ ಕಾಳು ಹಾಕುತ್ತಾರೆ. ನಮ್ಮ ಚಿಕ್ಕು ಒಂದೂ ಉಳಿಯುವುದಿಲ್ಲ. ಹೇಗೆ ಹೇಳುವುದು?

ರಾಮಸೇತುವಿಗೆ ಮರಳು ಹೊತ್ತ ಅಳಿಲಿನ ಬೆನ್ನ ಮೇಲೆ ಶ್ರೀರಾಮ ಬೆರಳಾಡಿಸಿದ ಕತೆ ನಮ್ಮಲ್ಲಿ ಮಕ್ಕಳಿಗೂ ಗೊತ್ತು, ಅಳಿಲು ಸೇವೆ ಎಂಬ ಮಾತು ದಿನಬಳಕೆಯದು. ಕಾಳು ಹಾಕುವ ಅಜ್ಜಿಗೆ ಅದು ಪುಣ್ಯದ ಕೆಲಸ. ಹಣ್ಣು ಕಳೆದುಕೊಂಡವರ ಬೇಸರವೂ ಸುಳ್ಳಲ್ಲ. ನಿಲ್ಲಿಸಿ ಎನ್ನುವುದಕ್ಕಿಂತ ಜಾಗ ಮತ್ತು ಅಳತೆ ಬದಲಿಸಲು ಕೇಳಿ: "ಅಜ್ಜಿ, ಬೇಲಿ ಹತ್ತಿರ ಬೇಡ, ನಿಮ್ಮ ಬಾವಿಕಟ್ಟೆ ಕಡೆ ಹಾಕಿ, ಒಂದು ಮುಷ್ಟಿ ಸಾಕು, ಸಂಜೆ ಉಳಿದದ್ದನ್ನು ಗುಡಿಸಿಬಿಡಿ." ರಾತ್ರಿ ಉಳಿದ ಕಾಳಿಗೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ. ಈ ಕಾರಣ ಹೇಳಿದರೆ ಯಾರೂ ಇಲ್ಲ ಎನ್ನುವುದಿಲ್ಲ. ಜೊತೆಗೆ ಚಿಕ್ಕುವಿಗೆ ಚೀಲ ಕಟ್ಟಿ, ತುದಿಯ ನಾಲ್ಕು ಹಣ್ಣು ಹಾಗೆಯೇ ಬಿಡಿ.

ಅಳಿಲು ಕಚ್ಚಿದರೆ ರೇಬಿಸ್ ಬರುತ್ತದೆಯೇ? ಮಂಗನ ಕಾಯಿಲೆಗೂ ಇದಕ್ಕೂ ಸಂಬಂಧ ಇದೆಯೇ?

ಅಳಿಲಿನಿಂದ ಮನುಷ್ಯರಿಗೆ ರೇಬಿಸ್ ಬರುವುದು ತೀರ ಅಪರೂಪ. ಆದರೂ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ವೈದ್ಯರಿಗೆ ತೋರಿಸಿ. ಧನುರ್ವಾಯು ಚುಚ್ಚುಮದ್ದು ಬೇಕಾಗಬಹುದು.

ಮಂಗನ ಕಾಯಿಲೆಯ ವಿಷಯ ಗಂಭೀರ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ ಈ ರೋಗ ಸಿದ್ದಾಪುರ, ಹೊನ್ನಾವರ ಕಡೆಯೂ ಕಾಣಿಸಿಕೊಂಡಿದೆ. ಹರಡುವುದು ಉಣುಗು, ಅಂದರೆ ರಕ್ತ ಹೀರುವ ಉಣ್ಣೆ. ಆ ಉಣುಗಿಗೆ ಇಲಿ, ಕಾಡಳಿಲಿನಂಥ ಸಣ್ಣ ಪ್ರಾಣಿಗಳೂ ಆಸರೆ. ಹಾಗೆಂದು ಅಳಿಲು ಕಂಡರೆ ಹೆದರಬೇಕಿಲ್ಲ, ದೂರದಿಂದ ನೋಡಿದರೆ ರೋಗ ಬರುವುದಿಲ್ಲ. ಡಿಸೆಂಬರ್‌ನಿಂದ ಮೇ ವರೆಗೆ ಕಾಡಿನಂಚಿನಲ್ಲಿ ದರಕಿನ ಮೇಲೆ ಕೂರಬೇಡಿ, ಉದ್ದ ತೋಳಿನ ಬಟ್ಟೆ ಹಾಕಿ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ, ಮನೆಗೆ ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ ಮೈ ಪರೀಕ್ಷಿಸಿ. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಸತ್ತ ಅಳಿಲನ್ನೂ ಬರಿಗೈಯಲ್ಲಿ ಎತ್ತಬೇಡಿ.

ರಾತ್ರಿ ಹಾರುವ ಅಳಿಲು ನೋಡುವುದು ಹೇಗೆ?

ಕತ್ತಲಾದ ಮೊದಲ ಒಂದು ಗಂಟೆ ಹಳೆಯ ಪೊಟರೆ ಮರದ ಬಳಿ ಕಾಯಿರಿ. ಟಾರ್ಚಿಗೆ ಕೆಂಪು ಕಾಗದ ಸುತ್ತಿ, ಒಂದು ಕ್ಷಣ ಹಾಯಿಸಿ ಆರಿಸಿ. ಕಣ್ಣು ಕೆಂಪಗೆ ಹೊಳೆಯುತ್ತದೆ. ಅದು ಹಕ್ಕಿಯಂತೆ ಹಾರುವುದಿಲ್ಲ. ಮುಂಗಾಲು ಹಿಂಗಾಲಿನ ನಡುವಿನ ಚರ್ಮ ಬಿಚ್ಚಿ ಎತ್ತರದಿಂದ ಇಳಿಜಾರಾಗಿ ತೇಲುತ್ತದೆ. ಜಿಗಿಯುವ ಹೊತ್ತಿಗೆ ಕಣ್ಣಿಗೆ ಬೆಳಕು ಬಿಟ್ಟರೆ ಇಳಿಯುವ ಕಾಂಡ ತಪ್ಪಬಹುದು.

ನಮ್ಮ ಕಡೆ ಮೊದಲು ಕೆಂದಳಿಲು ಇತ್ತು, ಈಗ ಕಾಣುವುದಿಲ್ಲ. ತಿರುಗಿ ಬರಲು ಏನು ಮಾಡಬೇಕು?

ನಿಮ್ಮ ತೋಟದಿಂದ ಹತ್ತಿರದ ಕಾಡಿನವರೆಗೆ ಮೇಲೆ ನೋಡುತ್ತ ನಡೆಯಿರಿ. ಕೊಂಬೆ ಕೊಂಬೆಗೆ ತಾಗದೆ ಬಯಲು ಬಂದ ಜಾಗಗಳನ್ನು ಗುರುತು ಹಾಕಿ. ಕೆಂದಳಿಲು ನೆಲಕ್ಕೆ ಇಳಿಯುವುದು ಅಪರೂಪ, ಇಳಿದರೆ ನಾಯಿಗೆ ಸುಲಭದ ತುತ್ತು. ರಸ್ತೆ ಅಗಲವಾದಾಗ, ಸೊಪ್ಪಿನಬೆಟ್ಟದ ಮರಗಳನ್ನು ತುದಿಯವರೆಗೆ ಸವರಿ ಬೋಳು ಮಾಡಿದಾಗ ಅದರ ದಾರಿ ಅಲ್ಲಿಗೇ ಕಡಿದುಹೋಗುತ್ತದೆ. ಸೊಪ್ಪು ಕಡಿಯುವಾಗ ಒಂದು ಸಾಲಿನ ಮರಗಳ ಮೇಲಿನ ಮೂರನೇ ಒಂದು ಭಾಗವನ್ನು ಮುಟ್ಟದೆ ಬಿಡಿ, ಪ್ರತಿ ವರ್ಷ ಅದೇ ಸಾಲು. ಬಯಲು ಬಿದ್ದ ಕಡೆ ಮಳೆ ಹಿಡಿದ ಮೇಲೆ ಅತ್ತಿ, ಉಪ್ಪಗೆ, ನೇರಳೆ, ಹೆಬ್ಬಲಸು ಸಸಿಗಳನ್ನು 5 ಮೀಟರ್ ಅಂತರದಲ್ಲಿ ನೆಡಿ, ಬೆಳೆದಾಗ ನೆತ್ತಿಗಳು ಕೂಡಿಕೊಳ್ಳುತ್ತವೆ. ಸಸಿ ಬೆಳೆಯುವವರೆಗೆ ಕಿರಿದಾದ ಊರ ರಸ್ತೆಯ ಮೇಲೆ, ಲಾರಿಗೆ ತಾಗದ ಎತ್ತರದಲ್ಲಿ, ವಿದ್ಯುತ್ ತಂತಿಯಿಂದ ದೂರವಾಗಿ, ಎರಡು ಗಟ್ಟಿ ಮರಗಳ ನಡುವೆ ಕೈದಪ್ಪದ ಸೆಣಬಿನ ಹಗ್ಗ ಎರಡು ಸಾಲು ಬಿಗಿಯಬಹುದು. ಅದಕ್ಕೆ ಪಂಚಾಯತಿಯನ್ನೂ ಅರಣ್ಯ ಇಲಾಖೆಯನ್ನೂ ಕೇಳಿಕೊಳ್ಳಿ. ಹಗ್ಗ ಮಳೆಗೆ ಕೊಳೆಯುವುದರಿಂದ ಪ್ರತಿ ಅಕ್ಟೋಬರಿನಲ್ಲಿ ಬದಲಿಸಬೇಕು.